ಗಂಜಿ ಹಾಕಿದ ಚೀಲ

ಹರಿಹರದಿಂದ ದಾವಣಗೆರೆಗೆ ಬಸ್ಸಿನಲ್ಲಿ ಅದನ್ನು ತರುವಾಗ ಹಳೇ ಜಮಖಾನದಲ್ಲಿ ಸುತ್ತಿ, ಎರಡೂ ತುದಿಗೆ ಹಗ್ಗ ಬಿಗಿದಿದ್ದೆ. ಎಷ್ಟು ಸುತ್ತಿದರೂ ಹಿಡಿಕೆ ಮಾತ್ರ ಹೊರಗೆ ಚಾಚಿಕೊಂಡಿತ್ತು. ಕಂಡಕ್ಟರ್ ಗಂಟನ್ನೂ ನನ್ನನ್ನೂ ಒಂದು ಸಲ ನೋಡಿದ.

"ಏನ್ರೀ ಸಾವ್ಕಾರ್ರೆ, ಮಡ್ಲಾಗೆ ಕೂಸು ಇಟ್ಕಂಡಂಗೆ ಇಟ್ಕಂಡೀರಿ. ಟಿಕೇಟು ಅದಕ್ಕೂ ಹರೀಲಾ?"

"ಹತ್ತಿ ಹಿಂಜೋ ಸಾಮಾನು ಕಣಪ್ಪಾ" ಎಂದೆ.

ಸುಳ್ಳು ಸಲೀಸಾಗಿ ಬಂತು. ಅದು ಕಸ ಹೊಡೆಯುವ ಯಂತ್ರ, ಅದನ್ನು ಮನೆಯಲ್ಲಿ ಓಡಿಸಬೇಕಾದವನು ನಾನು ಎಂದು ತುಂಬಿದ ಬಸ್ಸಿನಲ್ಲಿ ಹೇಳುವ ಎದೆ ನನಗಿರಲಿಲ್ಲ. ಈಗಿನವರು ವ್ಯಾಕ್ಯೂಮ್ ಕ್ಲೀನರ್ ಎಂದು ಸರಾಗವಾಗಿ ಹೇಳುತ್ತಾರೆ, ಗಂಡು ಮಕ್ಕಳೇ ಓಡಿಸುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ. ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಮ್ಮ ಓಣಿಯಲ್ಲಿ ಮೀಸೆ ಬಂದ ಗಂಡಸು ಪೊರಕೆ ಮುಟ್ಟಿದ ಎಂದರೆ ಅವನ ಹೆಂಡತಿ ಸತ್ತಿರಬೇಕು, ಇಲ್ಲವೇ ಅವನಿಗೆ ತಲೆ ಕೆಟ್ಟಿರಬೇಕು. ನನ್ನ ಹೆಂಡತಿ ಸತ್ತಿರಲಿಲ್ಲ. ಅವಳಿಗೆ ಉಸಿರಿನ ತೊಂದರೆ ಇತ್ತು.

ನನ್ನದು ಗಾದಿ ಅಂಗಡಿ. ಆನೆಕೊಂಡದಿಂದ ಬರಿಗಾಲಲ್ಲಿ ನಡೆದುಬಂದು, ಯಾರದೋ ಮಂಡಿಯಲ್ಲಿ ಹತ್ತಿ ಅಂಡಿಗೆ ಹೊತ್ತು, ಆಮೇಲೆ ಮಿಲ್ಲಿನಿಂದ ಹೊರಬೀಳುವ ಚೂರುಪಾರು ಹತ್ತಿಯನ್ನು ಚೌಕಾಸಿ ಮಾಡಿ ಎತ್ತಿ, ಗಾದಿ, ದಿಂಬು, ಲೋಡು ಹೊಲಿಸಿ ಮಾರುತ್ತಾ ನಾನೇ ಕಟ್ಟಿದ ಅಂಗಡಿ ಅದು. ಹಳೇ ಪೇಟೆಯಲ್ಲಿ, ಜನ ಓಡಾಡುವ ಜಾಗದಲ್ಲಿತ್ತು. ಮುಂದೆ ಅಂಗಡಿ, ನಡುವೆ ಒಂದು ಕೋಣೆ, ಹಿಂದೆ ಅಡುಗೆಮನೆ. ಅಂಗಡಿಯಲ್ಲೇ ಹತ್ತಿ ಹಿಂಜುವವರು ಬಿಲ್ಲು ಮಿಡಿಯುತ್ತಿದ್ದರು. ಅಡ್ಡಗೋಡೆಗಳು ಸೂರಿನ ತನಕ ಏರಿರಲಿಲ್ಲವಾದ್ದರಿಂದ ಹಾರಿದ ಅರಳೆಗೆ ಇಡೀ ಮನೆ ಒಂದೇ. ಮೊಸರಿನ ಮೇಲೆ ಕೆನೆಗಿಂತ ಮೊದಲು ಅರಳೆ ಕೂರುತ್ತಿತ್ತು. ದೀಪದ ಎಣ್ಣೆಯಲ್ಲಿ, ಕನ್ನಡಿಯ ಮೇಲೆ, ಮಲಗಿ ಎದ್ದವರ ರೆಪ್ಪೆಯ ಮೇಲೆ ಅದೇ ಅರಳೆ.

ನನ್ನಾಕೆ ನಂದಿಗುಡಿಯವಳು. ಗದ್ದೆಯ ಗಾಳಿಯಲ್ಲಿ ಬೆಳೆದವಳು. ನಮ್ಮ ಮನೆಗೆ ಬಂದು ಸ್ವಲ್ಪ ಕಾಲ ಚೆನ್ನಾಗಿಯೇ ಇದ್ದಳು. ಆಮೇಲೆ ಕೆಮ್ಮು, ಆಮೇಲೆ ಎದೆಯೊಳಗೆ ಸಿಳ್ಳೆ ಹಾಕಿದಂಥ ಸದ್ದು. ಪಿ.ಜೆ. ಬಡಾವಣೆಯ ಡಾಕ್ಟರು ಬೆನ್ನಿಗೆ ಕೊಳವೆ ಇಟ್ಟು ನೋಡಿ, "ನೀನು ಪೊರಕೆ ಮುಟ್ಟಬ್ಯಾಡಮ್ಮ. ಧೂಳು ಎದ್ದ ಕಡೆ ನಿಲ್ಲಬ್ಯಾಡ" ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ಅಂಗಡಿ ಬ್ಯಾರೆ ಕಡೆ ಮಾಡಾಕೆ ಬರಲ್ಲೇನ್ರಿ?"

"ನೋಡಾಣ್ರಿ ಡಾಕ್ಟ್ರೇ" ಎಂದೆ. ವ್ಯಾಪಾರದಲ್ಲಿ ನೋಡಾಣ ಎಂದರೆ ಆಗುವುದಿಲ್ಲ ಎಂದೇ ಅರ್ಥ. ಡಾಕ್ಟರಿಗೆ ಅದು ಗೊತ್ತಿರಲಿಲ್ಲ. ನನ್ನಾಕೆಗೆ ಗೊತ್ತಿತ್ತು.

ಒಂದು ಸಲ ಅವಳಿಗೆ ಉಸಿರು ಬಹಳ ಕಟ್ಟಿದಾಗ ನನ್ನ ಮಾವ ಊರಿಂದ ಬಂದರು. ಹೆಚ್ಚು ಮಾತಿನ ಮನುಷ್ಯರಲ್ಲ. ಅಂಗಡಿಯಲ್ಲಿ ಗೇಣುದ್ದ ಕೂತ ಅರಳೆಯನ್ನು ಕಾಲಿನಿಂದ ಸರಿಸಿ ನೋಡಿದರು.

"ಅಳಿಯಾರೆ, ಕೂಸನ್ನ ಕರ್ಕಂಡು ಹೋಗ್ತೀನಿ. ಉಸ್ರಾಡೋ ಅಂಥ ಮನಿ ಮಾಡ್ರಿ, ಆಮ್ಯಾಲೆ ಬರ್ರಿ. ಇಲ್ಲಾಂದ್ರ ಅಲ್ಲೇ ಇರ್ತಾಳೆ ನನ್ನ ಮಗಳು. ನಾನೇನು ಉಣ್ಣಾಕೆ ಹಾಕ್ಲಾರ್ದಂಗೆ ಇಲ್ಲ."

ಅವರು ಕೂಗಾಡಿದ್ದರೆ ನಾನೂ ಎರಡು ಮಾತಾಡುತ್ತಿದ್ದೆ. ಮೆತ್ತಗೆ ಹೇಳಿ ಮಗಳ ಗಂಟನ್ನು ತಾವೇ ಎತ್ತಿಕೊಂಡು ಹೊರಟರು. ಓಣಿಯ ಕಟ್ಟೆಗಳ ಮೇಲೆ ಕೂತವರೆಲ್ಲ ನೋಡಿದರು. ಹೆಂಡತಿಯನ್ನು ಸಾಕಲಾರದೆ ತವರಿಗೆ ಕಳಿಸಿದ ಎಂದು ಯಾರೂ ಅನ್ನಲಿಲ್ಲ. ಅನ್ನದೆ ಇದ್ದುದೇ ಹೆಚ್ಚು ಚುಚ್ಚಿತು.

ಅಂಗಡಿ ಬಿಡುವ ಯೋಚನೆ ನನಗೆ ಬರಲೇ ಇಲ್ಲ. ಬಂದದ್ದು ಯಂತ್ರದ ಯೋಚನೆ. ಹರಿಹರದ ದೊಡ್ಡ ಕಾರ್ಖಾನೆಯಲ್ಲಿದ್ದ ಒಬ್ಬ ಪರದೇಶಿ ಇಂಜಿನಿಯರ್ ಊರಿಗೆ ಹೊರಟಿದ್ದಾನೆ, ಮನೆಯ ಸಾಮಾನೆಲ್ಲ ಮಾರುತ್ತಿದ್ದಾನೆ, ಅದರಲ್ಲಿ ಧೂಳು ಎಳೆಯುವ ಮಿಷನ್ನೂ ಇದೆ ಎಂದು ಗಾದಿ ತಲುಪಿಸಲು ಹೋದವರು ಸುದ್ದಿ ತಂದರು. ಪೊರಕೆ ಧೂಳು ಎಬ್ಬಿಸುತ್ತದೆ, ಇದು ನುಂಗುತ್ತದೆ. ಡಾಕ್ಟರ ಮಾತೂ ನಡೆಯಿತು, ಅಂಗಡಿಯೂ ಉಳಿಯಿತು. ಅವತ್ತೇ ಬಸ್ಸು ಹತ್ತಿದೆ.

ಬಂಗಲೆಯಲ್ಲಿ ದೊರೆಸಾನಿ ಒಂದು ಮಾತೂ ಆಡದೆ ಯಂತ್ರವನ್ನು ಹಾಲ್‌ನಲ್ಲಿ ಓಡಿಸಿ ತೋರಿಸಿದಳು. ನಿಂತಿರುವ ಯಂತ್ರ. ಕೆಳಗೆ ತಗಡಿನ ತಲೆ, ಅದರೊಳಗೆ ಮೋಟರು ಮತ್ತು ಉರುಳುವ ಬ್ರಷ್ಷು. ಮೇಲಕ್ಕೆ ಉದ್ದ ಹಿಡಿಕೆ, ಹಿಡಿಕೆಯ ಗುಂಟ ಜೋತುಬಿದ್ದ ಬಟ್ಟೆಯ ಚೀಲ. ಸ್ವಿಚ್ಚು ಹಾಕಿದರೆ ಚೀಲ ಮೆಲ್ಲಗೆ ಉಬ್ಬಿ ನಿಲ್ಲುತ್ತಿತ್ತು. ರೇಟು ಮಾತಾಡಲು ಅಡುಗೆಯವನನ್ನು ಬಿಟ್ಟು ಅವಳು ಒಳಗೆ ಹೋದಳು. ಅಡುಗೆಯವನು ಹರಿಹರದವನೇ, ಮಾತುಗಾರ.

"ಇದನ್ನ ಸಾಕೋದು ಕಷ್ಟ ಅಲ್ರಿ. ಚೀಲ ತುಂಬಿದ ಮ್ಯಾಲೆ ಬೇಲಿ ಹತ್ರ ಒಯ್ದು ಕೊಡವ್ರಿ, ಸಾಕು. ನೀರು ಮುಟ್ಟಿಸ್ಬ್ಯಾಡ್ರಿ. ಇನ್ನ ಇದನ್ನ ಓಡಿಸುವಾಗ—"

"ಅದಿರ್ಲಿ, ಆ ಕಟ್ಟಿಗೆ ಸ್ಟ್ಯಾಂಡು ಐತಲ್ಲ, ಅದನ್ನ ಮ್ಯಾಲೆ ಹಾಕಿ ಕೊಡ್ತಿಯೋ ಇಲ್ಲೋ?"

"ಸ್ಟ್ಯಾಂಡು ಬ್ಯಾರೇರಿಗೆ ಹೇಳೈತ್ರಿ. ಓಡಿಸುವಾಗ ಕಿಡಕಿ—"

"ಬ್ಯಾರೇರು ಮುಂಗಡ ಕೊಟ್ಟಾರೇನು? ಕೊಟ್ಟಿಲ್ಲ. ಮತ್ತ್ಯಾಕ?"

ಸ್ಟ್ಯಾಂಡು ಗೆದ್ದೆ. ಕಿಟಕಿಯ ಮಾತು ಪೂರ್ತಿ ಕೇಳಲೇ ಇಲ್ಲ. ಹಳೇ ಸಾಮಾನು ಕೊಳ್ಳುವವರಿಗೆ ಇಷ್ಟು ಹೇಳುತ್ತೇನೆ: ರೇಟು ಕುದುರಿದ ಮೇಲೆ ಬಾಯಿ ಮುಚ್ಚಿಕೊಂಡು ನಿಲ್ಲಿ. ಮಾರುವವನು ನಿಜ ಹೇಳುವುದು ಆಗ ಮಾತ್ರ. ಅಲ್ಲಿಯವರೆಗೆ ಅವನು ಹೊಗಳುತ್ತಿರುತ್ತಾನೆ, ನೀವು ಹಳಿಯುತ್ತಿರುತ್ತೀರಿ. ವ್ಯಾಪಾರ ಮುಗಿದ ಗಳಿಗೆಯಲ್ಲಿ ಅವನಿಗೆ ಆ ವಸ್ತುವಿನ ಮೇಲೆ ಒಂದಿಷ್ಟು ಮಮತೆ ಉಕ್ಕುತ್ತದೆ. ನಾನು ಆ ಗಳಿಗೆಯನ್ನು ಬಟ್ಟೆ ಒಣಹಾಕುವ ಸ್ಟ್ಯಾಂಡಿಗೆ ಮಾರಿಕೊಂಡೆ.

ಮನೆಯಲ್ಲಿ ಇದ್ದುದು ದೀಪದ ಕನೆಕ್ಷನ್ ಮಾತ್ರ. ವೈರ್‌ಮನ್ ಕರೆಸಿ ನಡುಮನೆಯಲ್ಲಿ ಒಂದು ಪ್ಲಗ್ಗು ಹಾಕಿಸಿದೆ. ಇಸ್ತ್ರಿಪೆಟ್ಟಿಗೆಗೆ ಎಂದು ಅವನಿಗೂ ಸುಳ್ಳು ಹೇಳಿದೆ. ಇನ್ನು ಓಡಿಸುವುದು ಯಾವಾಗ? ಬೆಳಗ್ಗೆ ಗಿರಾಕಿಗಳು. ಸಂಜೆ ದೀಪ ಹಚ್ಚಿದ ಮೇಲೆ ಕಸ ಹೊಡೆಯಬಾರದು, ಲಕ್ಷ್ಮಿ ಹೊರಗೆ ಹೋಗುತ್ತಾಳೆ. ಇದು ಪೊರಕೆಯಲ್ಲ, ಇದಕ್ಕೆ ಆ ನಿಯಮ ಹತ್ತುವುದಿಲ್ಲ ಎಂದು ವಾದ ಮಾಡಬಹುದಿತ್ತು. ವ್ಯಾಪಾರಸ್ಥ ಲಕ್ಷ್ಮಿಯ ಜತೆ ವಾದ ಮಾಡುವುದಿಲ್ಲ. ಉಳಿದದ್ದು ಮಧ್ಯಾಹ್ನ. ಹಿಂಜುವವರು ಊಟಕ್ಕೆ ಹೋದ ಮೇಲೆ ಬೀದಿ ಬಾಗಿಲು ಹಾಕಿ, ಹಿತ್ತಲ ಬಾಗಿಲಿಗೆ ಮೇಲಿನ ಚಿಲಕ ಏರಿಸಿ, ಕಿಟಕಿ ಮುಚ್ಚಿ, ಪಂಚೆ ಎತ್ತಿ ಕಟ್ಟಿ ಶುರು ಮಾಡುತ್ತಿದ್ದೆ. ಕಳ್ಳನೂ ಅಷ್ಟು ಬಂದೋಬಸ್ತು ಮಾಡಿಕೊಳ್ಳುವುದಿಲ್ಲ.

ಸದ್ದನ್ನು ಮಾತ್ರ ಮುಚ್ಚಲಾಗಲಿಲ್ಲ. ಒಂದು ಮಧ್ಯಾಹ್ನ ಯಾರೋ ಬಾಗಿಲು ಬಡಿದರು. ತೆಗೆದರೆ ಎದುರು ಮನೆಯ ಅಕ್ಕ, ಕಂಕುಳಲ್ಲಿ ಬುಟ್ಟಿ.

"ತಮ್ಮಾ, ಗಿರಣಿ ಹಾಕ್ಕಂಡೀಯಂತೆ, ಓಣ್ಯಾಗೆಲ್ಲ ಸುದ್ದಿ. ಒಂದೀಟು ಜ್ವಾಳ ಐತೆ, ಬೀಸಿಕೊಡು. ನುಣ್ಣಗಿರ್ಲಿ, ರೊಟ್ಟಿ ಹರೀಬಾರ್ದು."

"ಗಿರಣಿ ಅಲ್ಲಕ್ಕಾ. ಹತ್ತಿ ಹಿಂಜೋದು."

"ಅಗಳಿ ಹಾಕ್ಕಂಡು ಹಿಂಜ್ತೀಯ? ಹತ್ತಿ ಓಡಿಹೋಗ್ತತೇನು?" ಎಂದು ನನ್ನ ಭುಜದ ಮೇಲಿಂದ ಒಳಗೆ ಇಣುಕಿದಳು. ನಾನು ಬಾಗಿಲ ತುಂಬ ನಿಂತೆ.

ಹೀಗೆ ಕೆಲವು ದಿನ ಮನೆಯನ್ನು ಹಸನು ಮಾಡಿ ನಂದಿಗುಡಿಗೆ ಹೋಗಿ ಅವಳನ್ನು ಕರೆತಂದೆ. ಯಂತ್ರ ನೋಡಿ ಅವಳು ಮೊದಲು ಬೆರಗಾದಳು. ಓಡಿಸುವುದು ಯಾರು ಎಂದು ಕೇಳಿದಳು. ನಾನು ಹಿಡಿಕೆ ಒರೆಸುತ್ತಾ ನಿಂತೆ.

"ನೀವಾ? ಯವ್ವಾ!" ಎಂದು ಸೆರಗು ಬಾಯಿಗಿಟ್ಟು ನಕ್ಕಳು. ನಕ್ಕು ನಕ್ಕು ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ, ನಾನು ಓಡಿಸಲೆಂದು ಚಿಲಕ ಏರಿಸುವುದನ್ನು ನೋಡಿ, "ಬಾಗ್ಲು ಯಾಕ ಹಾಕ್ತೀರಿ? ಕುದಿ ಅಂದ್ರ ಕುದಿ ಐತೆ" ಎಂದಳು.

"ಮಂದಿ ನೋಡ್ತಾರೆ."

"ನೋಡ್ಲಿ ಬಿಡ್ರಿ."

"ನಿನಗ ಗೊತ್ತಾಗಲ್ಲ, ಸುಮ್ಕಿರು."

ಆದರೂ ಆ ದಿನಗಳು ಚೆನ್ನಾಗಿದ್ದವು. ಎದೆಯ ಸಿಳ್ಳೆ ಕಡಿಮೆಯಾಯಿತು. ದಿಂಬು ಎತ್ತರ ಮಾಡದೆ ಮಲಗತೊಡಗಿದಳು.

ಯಂತ್ರವನ್ನು ನಾನು ಚೆನ್ನಾಗಿಯೇ ಇಟ್ಟುಕೊಂಡಿದ್ದೆ. ನಮ್ಮಂಥ ಮನೆಯಲ್ಲಿ ಅದರ ದೊಡ್ಡ ಶತ್ರು ದಾರ. ಗಾದಿ ಹೊಲಿದ ನೂಲಿನ ತುಂಡುಗಳು, ಹೆಂಗಸರ ಉದ್ದ ಕೂದಲು, ಎಲ್ಲ ಆ ಉರುಳುವ ಬ್ರಷ್ಷಿಗೆ ಸುತ್ತಿಕೊಂಡು ಹಗ್ಗದಂತಾಗುತ್ತವೆ. ಎಳೆಯಲು ಹೋಗಬೇಡಿ, ಬ್ರಷ್ಷಿನ ಕೂದಲೇ ಕಿತ್ತು ಬರುತ್ತದೆ. ಗಡ್ಡದ ಬ್ಲೇಡಿನಿಂದ ಉದ್ದಕ್ಕೆ ಸೀಳಿದರೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಮೋಟರಿನಿಂದ ಬ್ರಷ್ಷಿಗೆ ಹೋಗುವ ರಬ್ಬರ್ ಬೆಲ್ಟು ಸಡಿಲವಾದಾಗ ಸೈಕಲ್ ಟ್ಯೂಬನ್ನು ಬಳೆಯಂತೆ ಕತ್ತರಿಸಿ ಹಾಕಿದೆ, ಓಡಿತು. ಮೋಟರು ಕಿಡಿ ಕಾರಿದರೆ ಒಳಗಿನ ಕಾರ್ಬನ್ ಸವೆದಿದೆ ಎಂದು ತಿಳಿಯಬೇಕು. ಅಳತೆಯದು ಸಿಗದಿದ್ದರೆ ದೊಡ್ಡದನ್ನು ತಂದು ಕಲ್ಲಿನ ಮೇಲೆ ಉಜ್ಜಿ ಕೂರಿಸಬಹುದು. ಎಣ್ಣೆ ಮಾತ್ರ ಕಡಿಮೆ ಬಿಡಿ. ಎಣ್ಣೆ ಕಂಡಲ್ಲಿ ಅರಳೆ ಕೂರುತ್ತದೆ, ಅರಳೆ ಕೂತಲ್ಲಿ ಬಿಸಿ ಏರುತ್ತದೆ. ಇಷ್ಟೆಲ್ಲ ಕಲಿತೆ, ಯಾರ ಮುಂದೆಯೂ ಹೇಳಿಕೊಳ್ಳುವ ಹಾಗಿರಲಿಲ್ಲ. ಸಲಹೆ ಕೊಡದೆ ಇರಲಾರದ ನನ್ನಂಥವನಿಗೆ ಅದೊಂದು ಶಿಕ್ಷೆ.

ಚೀಲದ ವಿಷಯಕ್ಕೆ ಬರುತ್ತೇನೆ. ಕೊಡವಿ ಕೊಡವಿ ಅದು ಕಪ್ಪಗಾಗಿತ್ತು. ಒಳಗೆ ಧೂಳು ಮೆತ್ತಿ ಒಂದು ಥರ ಕಮಟು ವಾಸನೆ. ಒಗೆಯಬೇಕು ಅನ್ನಿಸಿತು. ನಮ್ಮ ಹಿತ್ತಲ ನಲ್ಲಿ ಅಕ್ಕಪಕ್ಕದ ನಾಲ್ಕಾರು ಮನೆಗೂ ಸೇರಿದ್ದು, ಅಲ್ಲಿ ಯಾವಾಗಲೂ ಹೆಂಗಸರು. ಅವರ ನಡುವೆ ಕೂತು ಅಂಥ ಚೀಲ ಒಗೆಯಲು ನನ್ನಿಂದಾಗದು. ಅವಳ ಕೈಗೆ ಕೊಟ್ಟರೆ ಧೂಳು. ಕೊನೆಗೆ ಮಡಿವಾಳರ ಅಜ್ಜ ಬಟ್ಟೆಗೆ ಬಂದಾಗ ಪಂಚೆ, ಅಂಗಿಗಳ ನಡುವೆ ಅದನ್ನೂ ತುರುಕಿದೆ. ಅಜ್ಜ ಗಂಟು ಕಟ್ಟುವ ಮುಂಚೆ ಒಂದೊಂದನ್ನೇ ಕೊಡವಿ ನೋಡುವವನು. ಚೀಲ ಎತ್ತಿ ಹಿಡಿದ.

"ಇದೇನ್ರಿ ಸಾವ್ಕಾರ್ರೆ, ತೋಳಿಲ್ಲ, ಕುತ್ತಿಗಿ ಐತೆ?"

"ಲೋಡಿನ ಗವಸಪ್ಪಾ. ಹೊಸಾ ನಮೂನಿ."

ಅಜ್ಜ ತಲೆಯಾಡಿಸಿದ. ಗಾದಿ ಅಂಗಡಿಯವನು ಲೋಡಿನ ಗವಸು ಎಂದರೆ ಯಾರು ಯಾಕೆ ಅನುಮಾನಪಡುತ್ತಾರೆ? ಬಟ್ಟೆ ತಿರುಗಿ ಬಂದಾಗ ಚೀಲ ಹಾಲಿನಂತೆ ಬೆಳ್ಳಗಿತ್ತು. ಇಸ್ತ್ರಿ ಮಾಡಿ ಅಂಚು ಮುರಿದು ಮಡಿಚಿದ್ದ. ಬಿಚ್ಚಿದರೆ ಹಪ್ಪಳದಂತೆ ಪರಪರ ಸದ್ದು. ಎಷ್ಟು ಶಿಸ್ತಾಗಿ ಒಗೆದಿದ್ದಾನೆ ಎಂದು ನನಗೆ ಖುಷಿಯೇ ಆಯಿತು. ಯಂತ್ರದ ಕತ್ತಿಗೆ ಸಿಕ್ಕಿಸಿ, ತಂತಿಯ ಪಟ್ಟಿ ಬಿಗಿದು ನಿಲ್ಲಿಸಿದೆ. ಹೊಸ ಅಳಿಯನ ಹಾಗೆ ಕಾಣಿಸಿತು.

ಓಡಿಸಿದರೆ ಏನೂ ಎಳೆಯಲಿಲ್ಲ. ಕೆಳಗೆ ಅರಳೆ ಇದ್ದಲ್ಲೇ ಹೊರಳಾಡಿತು. ಮೋಟರು ಮಾತ್ರ ಹಿಂದಿಗಿಂತ ಕಿರುಚತೊಡಗಿತು, ಸುಟ್ಟ ವಾಸನೆ ಬಂತು. ನಿಲ್ಲಿಸಿದೆ. ಬೆಲ್ಟು ನೋಡಿದೆ, ಬ್ರಷ್ಷು ನೋಡಿದೆ, ಕಾರ್ಬನ್ ಬಿಚ್ಚಿ ಹಾಕಿದೆ. ಎಲ್ಲ ಸರಿ ಇತ್ತು. ದಾವಣಗೆರೆಯಲ್ಲೇ ಮೋಟರು ರಿಪೇರಿಯವರು ಇದ್ದರು, ಆದರೆ ಅವರೆಲ್ಲ ನನ್ನ ಗುರುತಿನವರು. ಚೀಲವನ್ನು ಬಿಚ್ಚಿ ಮನೆಯಲ್ಲೇ ಬಿಟ್ಟೆ. ತೊಳೆದು ಮಡಿ ಮಾಡಿದ್ದು, ವರ್ಕ್‌ಶಾಪಿನ ಮಸಿ ಹತ್ತೀತು ಎಂದು. ಯಂತ್ರವನ್ನು ಮತ್ತೆ ಜಮಖಾನದಲ್ಲಿ ಸುತ್ತಿ ಹರಿಹರದ ಬಸ್ಸು ಹತ್ತಿದೆ.

ಅಲ್ಲಿಯ ರಿಪೇರಿಯವನು ಪ್ಲಗ್ಗು ಕೊಟ್ಟು ಓಡಿಸಿದ. ಚೀಲ ಇಲ್ಲದ ಯಂತ್ರ ಭರ್ಜರಿಯಾಗಿ ಓಡಿತು. ಕೆಳಗಿಟ್ಟ ಬೀಡಿ ತುಂಡನ್ನು ನುಂಗಿ ಹಿಂದಿನಿಂದ ಉಗುಳಿತು.

"ಇದಕ್ಕೇನಾಗೈತ್ರಿ? ಚಲೋ ಐತಲ್ಲ."

"ಮನ್ಯಾಗ ಎಳೆಯಲ್ಲ."

"ಹಂಗಾರ ಮನೀನ ಇಲ್ಲಿಗೆ ತರ್ರಿ" ಎಂದು ನಕ್ಕ. ಇಡೀ ವರ್ಕ್‌ಶಾಪು ನಕ್ಕಿತು. ನನ್ನ ಕಿವಿ ಬಿಸಿಯಾದವು. ಇವನು ಕೆಲಸ ಕದಿಯುತ್ತಿದ್ದಾನೆ ಎಂದು ನಾಲ್ಕು ಮಾತು ಜಗಳ ಮಾಡಿ, ಯಂತ್ರ ಹೊತ್ತು ವಾಪಸು ಬಂದೆ.

ಆ ದಿನಗಳಲ್ಲಿ ಯಂತ್ರ ಓಡದೆ ಮನೆಯಲ್ಲಿ ಅರಳೆ ಮತ್ತೆ ಏರಿತ್ತು. ಅವಳ ಸಿಳ್ಳೆಯೂ ಹಿಂತಿರುಗಿತ್ತು. ಮರುದಿನ ಮಧ್ಯಾಹ್ನ ಹಟ ಹಿಡಿದು ಕೂತೆ. ಬಾಗಿಲುಗಳನ್ನು ಹಾಕಿದೆ, ಚೀಲ ಬಿಗಿದೆ, ಕಟ್ಟಿಕೊಂಡದ್ದು ಬಿಟ್ಟುಕೊಳ್ಳಲಿ ಎಂದು ಸ್ವಿಚ್ಚು ಹಾಕಿ ಬಿಡದೆ ಓಡಿಸಿದೆ. ಅವಳು ಅಡುಗೆಮನೆಯಲ್ಲಿದ್ದಳು. ಚೀಲ ಉಬ್ಬಿ ಉಬ್ಬಿ ಡೊಳ್ಳಿನಂತೆ ಬಿಗಿದುಕೊಂಡಿತು. ಒಂದು ಗಳಿಗೆ, ಈಗ ಸರಿಯಾಯಿತು ಎಂದುಕೊಂಡೆ. ಮರುಗಳಿಗೆ ಕತ್ತಿನ ಪಟ್ಟಿ ಸಿಡಿದು, ಗಾಳಿಗೆ ದಾರಿ ಸಿಕ್ಕ ಯಂತ್ರ ಅಷ್ಟು ದಿನ ನೆಲದಲ್ಲಿ ಕೂತಿದ್ದ ಧೂಳನ್ನೆಲ್ಲ ಒಮ್ಮೆಗೇ ಎಳೆದು ನನ್ನ ಮುಖಕ್ಕೆ, ಗೋಡೆಗೆ, ಅಡ್ಡಗೋಡೆಯ ಮೇಲಿನಿಂದ ಆಚೆಗೆ ಊದತೊಡಗಿತು. ಕಣ್ಣಿಗೆ ತುಂಬಿದ ಧೂಳಿನಲ್ಲಿ ಸ್ವಿಚ್ಚು ಎಲ್ಲಿದೆ ಎಂದು ತಡಕಾಡಿದೆ. ಸಿಕ್ಕಿ, ಸದ್ದು ನಿಂತ ಮೇಲೆ ಇನ್ನೊಂದು ಸದ್ದು ಕೇಳಿಸಿತು. ಅಡುಗೆಮನೆಯಲ್ಲಿ ಹಿತ್ತಾಳೆ ತಂಬಿಗೆಯನ್ನು ಯಾರೋ ಹಿತ್ತಲ ಬಾಗಿಲಿಗೆ ಬಡಿಯುತ್ತಿದ್ದರು. ಮೇಲಿನ ಚಿಲಕ ಅವಳ ಕೈಗೆ ಎಟುಕುತ್ತಿರಲಿಲ್ಲ. ಎಷ್ಟು ಹೊತ್ತಿನಿಂದ ಬಡಿಯುತ್ತಿದ್ದಳೋ.

ಅದೇ ಹೊತ್ತಿಗೆ ಬೀದಿ ಬಾಗಿಲನ್ನೂ ಬಡಿದರು. "ತಮ್ಮಾ! ತೆಗಿ! ಏನಾತೋ ಒಳಗ?" ಎಂದು ಎದುರು ಮನೆಯ ಅಕ್ಕನ ಕೂಗು.

ನಾನು ಹಿತ್ತಲ ಬಾಗಿಲಿಗೂ ಓಡಲಿಲ್ಲ, ಬೀದಿ ಬಾಗಿಲಿಗೂ ಓಡಲಿಲ್ಲ. ಮೂಲೆಯಲ್ಲಿದ್ದ ಜಮಖಾನ ಎಳೆದು ಯಂತ್ರಕ್ಕೆ ಹೊದಿಸಲು ಹೋದೆ. ಹಿಡಿಕೆ ಮುಚ್ಚಲಿಲ್ಲ. ಎರಡನೇ ಸಲ ಹೊದಿಸಿದೆ. ಆಗ ತಂಬಿಗೆ ಕೆಳಗೆ ಬಿದ್ದು ಉರುಳಿದ ಸದ್ದಾಯಿತು.

ಆಮೇಲೆ ಓಡಿದೆ. ಅವಳು ಬಾಗಿಲಿಗೆ ಒರಗಿ ಕುಸಿದಿದ್ದಳು. ಬಾಯಿ ತೆರೆದಿತ್ತು, ಒಳಗೆ ಗಾಳಿ ಹೋಗುತ್ತಿರಲಿಲ್ಲ. ಎತ್ತಿಕೊಂಡು ಹೋಗಿ ಬೀದಿ ಬಾಗಿಲು ತೆಗೆದಾಗ ಓಣಿಗೆ ಓಣಿಯೇ ನಿಂತಿತ್ತು. ತಲೆಯಿಂದ ಕಾಲಿನವರೆಗೆ ಧೂಳು ಬಳಿದುಕೊಂಡ ನಾನು, ಎತ್ತಿ ಕಟ್ಟಿದ ಪಂಚೆ, ನೀಲಿಗಟ್ಟಿದ ತುಟಿಯ ಹೆಂಡತಿ, ಹಿಂದೆ ಜಮಖಾನ ಜಾರಿ ಎಲ್ಲರಿಗೂ ಕಾಣುವಂತೆ ನಿಂತ ಯಂತ್ರ. ಅಕ್ಕ ನನ್ನ ಕೈಯಿಂದ ಅವಳನ್ನು ಕಿತ್ತುಕೊಂಡು ಕಟ್ಟೆಯ ಮೇಲೆ ಕೂರಿಸಿ ಬೆನ್ನು ನೀವಿದಳು. ಯಾರೋ ಡಾಕ್ಟರನ್ನು ಕರೆತಂದರು, ಸೂಜಿ ಚುಚ್ಚಿದರು. ಮೆಲ್ಲಗೆ ಉಸಿರು ತಿರುಗಿತು.

ಜನ ಚೆದುರಲಿಲ್ಲ. ಯಾರೋ ಯಂತ್ರವನ್ನು ಹೊರಗೆ ಎಳೆದು ತಂದಿದ್ದರು. ಅವಳು ಸ್ವಲ್ಪ ಚೇತರಿಸಿಕೊಂಡು, ಕೂತಲ್ಲಿಂದಲೇ ಕೈ ಚಾಚಿ ಆ ಚೀಲವನ್ನು ಬೆರಳಿನಲ್ಲಿ ಮುಟ್ಟಿದಳು. ಅದು ಪರಪರ ಎಂದಿತು.

"ಇದಕ್ಕ ಗಂಜಿ ಯಾರು ಹಾಕ್ಸಿದ್ದು?" ಎಂದಳು. ದನಿ ಇನ್ನೂ ಗೊಗ್ಗರಾಗಿತ್ತು. "ಬಟ್ಟಿ ಉಸ್ರಾಡಾದು ಬ್ಯಾಡೇನ್ರಿ? ತೂತೆಲ್ಲ ಮುಚ್ಚಿ ಹೋಗ್ಯಾವೆ. ಗಾಳಿ ಎಲ್ಲಿಂದ ಹೊರಗೆ ಬರ್ಬೇಕು?"

ಎಲ್ಲರ ಕಣ್ಣು ನನ್ನ ಮೇಲೆ. ಮಡಿವಾಳರ ಅಜ್ಜನೂ ಗುಂಪಿನಲ್ಲಿದ್ದ. ಗಾಬರಿಯಾಗಿ ಮುಂದೆ ಬಂದ.

"ನಂದೇನು ತಪ್ಪೈತ್ರಿ? ಸಾವ್ಕಾರ್ರು ಲೋಡಿನ ಗವಸು ಅಂದ್ರು. ಗವಸು ಗಂಜಿ ಇಲ್ದಂಗೆ ಕೊಟ್ರೆ ಇವ್ರೇ ಬೈತಿದ್ರು. ಎಲ್ರೂ ಕೇಳ್ರಿ ಬೇಕಾರ."

"ಲೋಡಿನ ಗವಸಾ?" ಎಂದು ಹಿಂದಿನಿಂದ ಒಬ್ಬ. "ಅಕ್ಕಾ, ನಿನಗ ಗಿರಣಿ ಅಂದಿದ್ರಲ್ಲ?"

"ಗಿರಣಿ ಅಂದಾಕಿ ನಾನು. ಇವ ಹಿಂಜೋದು ಅಂದ."

"ಒಟ್ಟು ಕಸ ಹೊಡೀತಿದ್ರು ಅನ್ರಿ!"

ನಗೆ ಎದ್ದಿತು. ಕೆಟ್ಟ ನಗೆಯಲ್ಲ, ಗಂಡಾಂತರ ಕಳೆದ ಮೇಲೆ ಜನ ನಗುವ ನಗೆ. ನಾನು ತಲೆ ಎತ್ತಲಿಲ್ಲ. ಅವಳೊಬ್ಬಳು ನಗಲಿಲ್ಲ. "ಅಪ್ಪಗ ಹೇಳಿ ಕಳಸ್ರಿ" ಎಂದಳು, ನನಗಲ್ಲ, ಅಕ್ಕನಿಗೆ.

ಮಾವ ಬಂದರು, ಕರೆದುಕೊಂಡು ಹೋದರು. ಈ ಸಲ ಮಗಳ ಪೆಟ್ಟಿಗೆಯನ್ನೂ ಒಯ್ದರು.

ಕೆಲವು ವಾರ ಬಿಟ್ಟು ನಂದಿಗುಡಿಗೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಪಡಸಾಲೆಯಲ್ಲಿ ಮಾವನ ಎದುರು ಕೂತು, ಹೊಸ ಚೀಲ ಹೊಲಿಸುತ್ತೇನೆ, ಹಿಂಜುವವರನ್ನು ವಾರಕ್ಕೆ ಕೆಲವೇ ದಿನ ಕರೆಸುತ್ತೇನೆ, ಅಡ್ಡಗೋಡೆ ಸೂರಿನವರೆಗೆ ಏರಿಸುತ್ತೇನೆ ಎಂದು ಒಂದೊಂದೇ ಮುಂದಿಟ್ಟೆ. ಮಾವ ಎಲೆಗೆ ಸುಣ್ಣ ಹಚ್ಚುತ್ತಾ ಕೂತಿದ್ದರು. ಒಳಬಾಗಿಲ ಹಿಂದಿನಿಂದ ಅವಳು ಹೊರಗೆ ಬಂದಳು.

"ಅಪ್ಪನ ಕೂಡ ಚೌಕಾಸಿ ಮಾಡಾಕೆ ಬಂದೀರೇನು? ನಾನೇನು ಸಂತಿ ಮಾಲಾ?"

"ಹಂಗಲ್ಲ..."

"ಹಂಗಾ. ನೀವು ಕಸ ಹೊಡದ್ರೆ ನನಗೇನು ಮರ್ಯಾದಿ ಹೋಗಲ್ಲ. ನನ್ನ ಸಲುವಾಗಿ ಹೊಡೀತೀರಿ ಅಂತ ಎಷ್ಟು ಹಿಗ್ಗಿದ್ದೆ ಗೊತ್ತೈತೇನು? ಅದ್ನ ಮುಚ್ಚಿಡಾಕೆ ಬಾಗ್ಲು ಹಾಕಿದ್ರಿ. ತಂಬಿಗಿ ಬಡದು ಬಡದು ಸಾಕಾತು ನನಗ. ಸದ್ದು ನಿಂತ್ ಮ್ಯಾಲೂ ನೀವು ಬರ್ಲಿಲ್ಲ. ಏನು ಮಾಡ್ತಿದ್ರಿ ಆಗ?"

ಜಮಖಾನ ಹೊದಿಸುತ್ತಿದ್ದೆ ಎಂದು ಹೇಳಲು ಬಾಯಿ ಬರಲಿಲ್ಲ. ಅವಳಿಗೆ ಗೊತ್ತಿತ್ತು. ನಾನು ಹೇಳಲಿ ಎಂದು ಕಾದಳು. ಮಾವ ಎಲೆ ಮಡಿಚುವುದನ್ನು ನಿಲ್ಲಿಸಿದ್ದರು. ಕೊನೆಗೆ ಹೇಳಿದೆ. ಅಷ್ಟು ಸಣ್ಣ ದನಿಯಲ್ಲಿ ಯಾವ ವ್ಯಾಪಾರವನ್ನೂ ನಾನು ಮಾಡಿದವನಲ್ಲ.

ಅವಳು ಬಾಗಿಲ ಚೌಕಟ್ಟಿಗೆ ಕೈ ಕೊಟ್ಟು ನಿಂತಳು. ಆಮೇಲೆ, "ಹಿಂಜೋದು ಮನ್ಯಾಗ ಬ್ಯಾಡ. ಬಾಗ್ಲು ಹಾಕೋದು ಬ್ಯಾಡ. ಇವೆರಡೂ ಆಗಿದ್ದು ಕಂಡ ಮ್ಯಾಲೆ ಬರ್ತೀನಿ. ಆಗ್ಲಿಲ್ಲಾಂದ್ರ ಬರಲ್ಲ" ಎಂದು ಒಳಗೆ ಹೋದಳು.

ನಾನು ಒಂದನ್ನೂ ಕುದುರಿಸಲಿಲ್ಲ. ಆನೆಕೊಂಡದಲ್ಲಿ ಒಂದು ತಗಡಿನ ಶೆಡ್ಡು ಹಿಡಿದು ಬಿಲ್ಲು, ಹತ್ತಿ, ಹೊಲಿಗೆ ಎಲ್ಲ ಅಲ್ಲಿಗೆ ಸಾಗಿಸಿದೆ. ಪೇಟೆಯ ಅಂಗಡಿಯಲ್ಲಿ ತಯಾರಾದ ಗಾದಿಗಳನ್ನು ಮಾತ್ರ ಇಟ್ಟೆ. ವ್ಯಾಪಾರ ಕುಂಟಿತು, ನಿಲ್ಲಲಿಲ್ಲ. ಮಾವ ಒಂದು ದಿನ ಹೇಳದೆ ಬಂದು, ಶೆಡ್ಡು ನೋಡಿ, ಮನೆ ನೋಡಿ ಹೋದರು. ಅದಾದ ಮೇಲೆ ಅವಳು ಬಂದಳು. ಬಂದಳು ಎಂದರೆ, ಒಂದು ಸಣ್ಣ ಚೀಲದಲ್ಲಿ ಎರಡು ಸೀರೆ ಇಟ್ಟುಕೊಂಡು ಬಂದಳು. ಪೆಟ್ಟಿಗೆ ತವರಿನಲ್ಲೇ ಇತ್ತು. ಇರುತ್ತಾಳೋ, ನೋಡಿ ಹೋಗುತ್ತಾಳೋ ಎಂದು ಕೇಳುವ ಮುಖ ನನಗಿರಲಿಲ್ಲ.

ಯಂತ್ರಕ್ಕೆ ಹೊಸ ಚೀಲ ಆಗಬೇಕಿತ್ತು. ಹಳೆಯದನ್ನು ಎಷ್ಟು ಬಿಸಿನೀರಿನಲ್ಲಿ ನೆನೆಸಿದರೂ ಕತ್ತಿನ ಬಳಿ ಹರಿದುಹೋಗಿದ್ದರಿಂದ ಪ್ರಯೋಜನವಿರಲಿಲ್ಲ. ಬಟ್ಟೆ ಆರಿಸಲು ತಾನೂ ಬರುತ್ತೇನೆ ಎಂದಳು. ಪೇಟೆಯ ದೊಡ್ಡ ಬಟ್ಟೆ ಅಂಗಡಿಗೆ ಹೋದೆವು. ಮಾಲೀಕ ನನ್ನ ಹಳೇ ಗುರುತಿನವ, ಗಾದಿ ಬಟ್ಟೆ ತರುವುದು ಅವನಿಂದಲೇ. ಗಿರಾಕಿಗಳು ತುಂಬಿದ್ದರು.

ಅವಳು ಒಂದೊಂದು ಥಾನಿನ ತುದಿ ಬಿಚ್ಚಿಸಿ, ಬಟ್ಟೆಯನ್ನು ಬಾಯಿಗೆ ಒತ್ತಿ ಹಿಡಿದು, ಉಸಿರು ಒಳಗೆ ಎಳೆದು ಹೊರಗೆ ಬಿಡುತ್ತಿದ್ದಳು. ದಪ್ಪದ್ದು ಹಿಡಿದಾಗ ಏದುಸಿರು ಬಂತು, ಪಕ್ಕಕ್ಕಿಟ್ಟಳು. ತೆಳ್ಳಗಿನ ಮಲ್ಲಿನ ಬಟ್ಟೆಯನ್ನು ಬೆಳಕಿಗೆ ಹಿಡಿದು, "ಇದ್ರಾಗ ಧೂಳು ಹಾದು ಹೋಗ್ತತೆ" ಎಂದು ಅದನ್ನೂ ಇಟ್ಟಳು. ಮತ್ತೊಂದು ಥಾನು, ಮತ್ತೆ ಬಾಯಿಗೆ. ಅಂಗಡಿಯಲ್ಲಿ ಮಾತು ನಿಂತಿತು.

"ಸಾವ್ಕಾರ್ರೆ" ಎಂದ ಮಾಲೀಕ, ಮೆತ್ತಗೆ, ನನ್ನ ಕಡೆ ಬಗ್ಗಿ. "ಅಕ್ಕಾರು ಬಟ್ಟಿ ಹಿಂಗ್ಯಾಕ ನೋಡ್ತಾರೆ? ಯಾತಕ್ಕ ಬೇಕಿತ್ತು?"

ದಿಂಬಿಗೆ ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಅವಳು ಬಟ್ಟೆಯನ್ನು ಬಾಯಿಂದ ತೆಗೆಯದೆ ನನ್ನನ್ನೇ ನೋಡುತ್ತಿದ್ದಳು.

"ಮನ್ಯಾಗ ನಾನು ಕಸ ಹೊಡೀತೀನ್ರಿ" ಎಂದೆ. ಮೆತ್ತಗೆ ಹೇಳಬೇಕೆಂದಿದ್ದೆ, ಜೋರಾಗಿಯೇ ಬಂತು. "ಕರೆಂಟಿನ ಮಿಷನ್ನು. ಅದರ ಚೀಲಕ್ಕೆ."

ನನ್ನ ಅಂಗಡಿಯ ಗಿರಾಕಿಯೇ ಆಗಿದ್ದ ಒಬ್ಬ ಮುದುಕ ಬಾಯಿ ತೆರೆದು ನೋಡಿದ. ಸೀರೆ ನೋಡುತ್ತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾಲೀಕ ತಲೆ ತಗ್ಗಿಸಿಕೊಂಡು ಗಜಕಡ್ಡಿ ಹುಡುಕತೊಡಗಿದ. ಅದು ಅವನ ಕೈಯಲ್ಲೇ ಇತ್ತು. ನನಗೆ ಕಿವಿಯಿಂದ ಕುತ್ತಿಗೆಯವರೆಗೆ ಉರಿಯಿತು, ಗೋಡೆಯ ಕಡೆ ತಿರುಗಿಬಿಡಬೇಕೆನ್ನಿಸಿತು. ಧೈರ್ಯ ಬಂದರೆ ನಾಚಿಕೆ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಿಂತಲ್ಲೇ ನಿಂತಿದ್ದೆ, ಅಷ್ಟೇ.

ಅವಳು ಒಳಮುಖ ಸ್ವಲ್ಪ ಜುಂಗು ಇದ್ದ ಒಂದು ಮೆತ್ತನೆಯ ಹತ್ತಿ ಬಟ್ಟೆಯನ್ನು ಬಾಯಿಗಿಟ್ಟು ಇನ್ನೊಂದು ಸಲ ಉಸಿರಾಡಿ ನೋಡಿದಳು.

"ಇದು ಆಗ್ತತೆ" ಎಂದಳು. "ಎರಡು ಚೀಲಕ್ಕ ಆಗೋವಷ್ಟು ಹರೀರಿ. ಒಂದನ್ನ ಒಗಿಯಾಕ ಹಾಕಿದಾಗ ಇನ್ನೊಂದು ಬೇಕಾಗ್ತತಲ್ಲ."

ಮಾಲೀಕ ನನ್ನ ಕಡೆ ನೋಡಿದ, ರೇಟು ಮಾತಾಡುತ್ತೇನೆಂದು. ನಾನು ಹರಿ ಎಂದು ಕೈಸನ್ನೆ ಮಾಡಿದೆ.